ಸದರಿಯವಳು

ಕಾರವಾರದ ಕೋರ್ಟಿನೆದುರು, ಬಾದಾಮಿ ಮರದ ಬುಡದಲ್ಲಿ
ಇಪ್ಪತ್ತೆರಡು ವರ್ಷದಿಂದ ಟೈಪು ಹೊಡೆಯುತ್ತೇನೆ.
ಹೆಸರು ತಿದ್ದಿಸುವವರು, ಹಿಸೆ ಕೇಳುವವರು,
ಓಡಿಬಂದು ಮದುವೆಯಾಗುವವರು, ಆಗಿ ಬಿಟ್ಟವರು,
ಎಲ್ಲರನ್ನೂ 'ಸದರಿಯವರು' ಮಾಡಿ ಒಳಗೆ ಕಳಿಸುತ್ತೇನೆ.
ಉಳಿದವರು ಕಂಪ್ಯೂಟರಿಗೆ ಹೋದರು.
ನನ್ನ ಯಂತ್ರದಲ್ಲಿ 'ರ' ಮಾತ್ರ ಸಾಲು ಬಿಟ್ಟು
ಒಂದು ಕೂದಲು ಮೇಲೆ ಬೀಳುತ್ತದೆ.

ಇವತ್ತು ಚಹಾಕ್ಕಿಂತ ಬಿಸಿ ದೆಹಲಿಯ ತೀರ್ಪು.
"ಸರಿಯಾಯ್ತು," ಅಂದರು ಪಾವಸ್ಕರ ವಕೀಲರು,
"ಮದುವೆ ಅಂದರೇನು ಅಂತ ಐದು ಮಂದಿ ಕೂತು ಬರೆಯೋದಾ?
ಓಟು ಹಾಕಿಸಿಕೊಂಡವರು ಬರೆಯಲಿ."
ಜೂನಿಯರ್ ತನುಜಾ ಗ್ಲಾಸು ಕುಕ್ಕಿದಳು:
"ನಾಲ್ಕು ಜನರ ಹಕ್ಕಿಗೆ ನಾನೂರು ಕೈ ಎಣಿಸಬೇಕಾ ಸರ್?
ಅವು ಎದ್ದಿದ್ದರೆ ಈ ಮೆಟ್ಟಿಲು ಯಾರು ಹತ್ತುತ್ತಿದ್ದರು?"
"ಕೋರ್ಟು ಕೊಟ್ಟದ್ದನ್ನು ಕೋರ್ಟೇ ಕಸಿದೀತು ಮಗಾ.
ಜನ ಒಪ್ಪಿ ಕೊಟ್ಟದ್ದು ನಿಲ್ಲುತ್ತದೆ."
"ಜನ ಒಪ್ಪುವತನಕ?"
ಒಳಗೆ ಯಾರದೋ ಹೆಸರು ಕೂಗಿದರು. ಎದ್ದರು.
ಇಬ್ಬರದೂ ಸರಿ ಅನ್ನಿಸಿತು ನನಗೆ, ಅದೇ ತೊಂದರೆ.
ಕಾರ್ಬನ್ ಬದಲಿಸಿದೆ.

ಮಧ್ಯಾಹ್ನ ಶೇವಂತಿ ಬಂದಳು, ಬುಟ್ಟಿ ಖಾಲಿ,
ಮೊಣಕೈ ಮೇಲೆ ಮೀನಿನ ಹುರುಪೆ.
ಅರಗಾದಲ್ಲಿ ಅವಳಪ್ಪನ ನೆಲ ನೌಕಾನೆಲೆಗೆ ಹೋದಾಗ
ಲಂಗ ಹಾಕುವ ವಯಸ್ಸು ಅವಳಿಗೆ.
ಪರಿಹಾರ ಬಂದದ್ದು ಹೋದ ಮಳೆಗಾಲ.
ತಹಶೀಲ್ದಾರರಿಂದ ಭೂಸ್ವಾಧೀನಕ್ಕೆ, ಅಲ್ಲಿಂದ ಕೋರ್ಟಿಗೆ,
ಕೋರ್ಟಿನಿಂದ ಮತ್ತೆ ಮಂತ್ರಾಲಯಕ್ಕೆ
ಹೋದ ಕಾಗದದಲ್ಲೆಲ್ಲ ನನ್ನ 'ರ' ಕುಣಿದಿದೆ.
ಮೊದಲ ಅರ್ಜಿ ಬರೆಸಲು ಬಂದವಳು
ತಿರುಗಿ ಹೋಗಲಿಲ್ಲ.
ಕೋಡಿಬಾಗದಲ್ಲಿ ಒಂದೇ ಕೋಣೆ, ಒಂದೇ ಪಡಿತರ ಚೀಟಿ,
ಯಜಮಾನಿ ನಾನು. ಅವಳ ಹೆಸರಿನ ಮುಂದೆ: ಇತರೆ.

"ಏನಾಯ್ತಂತೆ ನಮ್ಮದು?"
"ಕೋರ್ಟು ಪಾರ್ಲಿಮೆಂಟಿಗೆ ಕಳಿಸಿದೆ."
"ಓಹೋ, ಅರಗಾ ಫೈಲು!" ನಕ್ಕು ಬೆರಳು ಮಡಿಸಿದಳು.
"ಅಂದರೆ ಮೂವತ್ತೈದು ವರ್ಷ. ನನಗೆ ಎಂಬತ್ತೆರಡು. ನಿನಗೆ?"
ನಾನು ಲೆಕ್ಕ ಹಾಕಲಿಲ್ಲ.

ಹಣದ ವಾಸನೆ ಅವಳ ಅಣ್ಣನ ಮಕ್ಕಳಿಗೆ ತಾಗಿದೆ,
ಹಾಗಾಗಿ ಮೃತ್ಯುಪತ್ರ. ನಾನೇ ಹೊಡೆದೆ:
ಸದರಿಯವಳು ಸ್ವಸ್ಥಚಿತ್ತಳಾಗಿ, ಯಾರ ಒತ್ತಾಯವೂ ಇಲ್ಲದೆ...
ಸತ್ತ ಮೇಲೆ ಅವಳದ್ದು ನನಗೆ ಬರಲು ಕಾಯ್ದೆಯ ಅಡ್ಡಿಯಿಲ್ಲ.
ಬದುಕಿರುವಾಗ ಅವಳಿಗೆ ನಾನೇನು
ಎಂಬ ಜಾಗದಲ್ಲಿ ಕೈ ನಿಂತಿತು.
"ಸಂಬಂಧ?" ಕಕ್ಷಿದಾರರನ್ನು ಕೇಳುವ ಸ್ವರದಲ್ಲೇ ಕೇಳಿದೆ.
"ಘರಕಾರ್ನ," ಅಂದಳು, ಮೀನಿನ ದರ ಹೇಳುವಷ್ಟು ಜೋರಾಗಿ.
ಹೊಡೆದೆ. 'ರ' ಮೇಲೆದ್ದು ಕೂತಿತು.

ಸಾಕ್ಷಿ ಇಬ್ಬರು ಬೇಕು. ಸಿಕ್ಕವರು ಆ ಇಬ್ಬರೇ.
ತನುಜಾ ಆ ಪದದ ಮೇಲೆ ನಿಂತಳು,
ನನ್ನತ್ತ ನೋಡದೆ ಉದ್ದನೆಯ ಸಹಿ ಹಾಕಿದಳು.
ಪಾವಸ್ಕರರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡರು.
"ಪದ ಸರಿಯಿದೆಯಾ ಸಾಹೇಬರೇ?"
"ಕಾಯ್ದೆಯಲ್ಲಿಲ್ಲ," ಅಂದರು. ತುಸು ಹೊತ್ತು ಬಿಟ್ಟು,
"ನಮ್ಮ ಮನೆಯಲ್ಲಿ ಆಡುತ್ತೇವೆ."
ಸಹಿ, ಅದರ ಕೆಳಗೆ ತಾರೀಖು.
ಆಮೇಲೆ ಶೇವಂತಿಯತ್ತ ತಿರುಗಿ:
"ನಾಳೆ ನೊಗ್ಲಿ ಬಂದರೆ ಒಂದು ಪಾಲು ತೆಗೆದಿಡು."

"ಇಡುತ್ತೇನೆ," ಅಂದಳು. "ರೇಟು ನಾಳೆಯದು."