ಆರಡಿ

ಮಂಗಳವಾರ ಬಂದ, ಉಕ್ಕಿನ ಟೇಪು ಹಿಡಿದು,
ನಗರಸಭೆಯ ಹುಡುಗ. ಬೂಟಿಗಂಟಿದ ಹಿಮ
ಬಾಗಿಲಲ್ಲೇ ಒದರಿ, ನನ್ನನ್ನು 'ಮೇಡಂ' ಅಂದ.
ಟೊಲೀಡೊದ ಈ ಕ್ಲಬ್ಬಿನಲ್ಲಿ ಹತ್ತೊಂಬತ್ತು ವರ್ಷ,
ಮೊದಲು ಕುಣಿದೆ, ಮಂಡಿ ಸವೆದ ಮೇಲೆ
ಕುಣಿಯುವವರ ಬಟ್ಟೆ ಹೊಲಿದೆ.
ಮೇಡಂ ಅಂದವನು ಇವನೊಬ್ಬನೇ.

ವೇದಿಕೆಯ ಅಂಚಿಗೆ ಟೇಪಿನ ಕೊಕ್ಕೆ ಸಿಕ್ಕಿಸಿ
ಹಿಂದೆ ಹಿಂದೆ ನಡೆದ. ಆರಡಿ.
ಅಲ್ಲೊಂದು ಹಳದಿ ಪಟ್ಟಿ ಅಂಟಿಸಿದ ನೆಲಕ್ಕೆ.
ಇದರಾಚೆ ಗಿರಾಕಿ, ಇದರೀಚೆ ಹೆಂಗಸು,
ನಡುವೆ ಕಾನೂನು ಮಾತ್ರ ಓಡಾಡಬಹುದು.

ನನ್ನ ಕೊರಳಲ್ಲೂ ಒಂದು ಟೇಪಿತ್ತು, ಬಟ್ಟೆಯದು,
ಅಂಕಿ ಮಾಸಿದ್ದು.
ನಾನು ಅಳೆದದ್ದೆಲ್ಲ ಗೇಣು, ಅಂಗುಲದ ಲೆಕ್ಕ:
ಬಸಿರಿನ ಮೂರನೇ ತಿಂಗಳು ಸೊಂಟಕ್ಕೆ ಎರಡಂಗುಲ ಬಿಡು,
ಗಂಡ ಬಿಟ್ಟುಹೋದ ವಾರ ಎದೆಗೆ ಒಂದಂಗುಲ ಹಿಡಿ.
ಆರಡಿ ಅಂದರೆ ನನಗೆ ಗೊತ್ತಿದ್ದದ್ದು ಒಂದೇ,
ಮೂರಡಿಯ ಜೊತೆಗೆ ಬರುವ ಆರಡಿ,
ನನ್ನಮ್ಮನನ್ನು ಇಳಿಸಿದ್ದು.

ನಿಯಮ ಇನ್ನೂ ಇದ್ದವು, ನಿಂತೇ ಓದಿದ:
ಪೇಪರು ಓದುವಷ್ಟು ಬೆಳಕಿರಬೇಕು.
ಹನ್ನೆರಡಕ್ಕೆ ಬಾಗಿಲು.
ಪ್ರತಿಯೊಬ್ಬಳೂ ಲೈಸೆನ್ಸು ಕಾರ್ಡು,
ಫೋಟೊ ಮತ್ತು ನಿಜವಾದ ಹೆಸರಿನ ಸಮೇತ,
ಮೈಮೇಲೆ ಎಲ್ಲರಿಗೂ ಕಾಣುವಂತೆ ಧರಿಸತಕ್ಕದ್ದು.
'ಯಾವುದಕ್ಕಪ್ಪ ಸಿಕ್ಕಿಸೋದು?' ಅಂದೆ.
ಕಿವಿಯವರೆಗೆ ಕೆಂಪಾದ. ನಿಯಮದಲ್ಲಿ ಅದಿರಲಿಲ್ಲ.

ಆ ರಾತ್ರಿ ಹನ್ನೊಂದು ಜೇಬು ಹೊಲಿದೆ,
ಚೋಟುದ್ದದ ಬಟ್ಟೆಗೆ ಅಂಗೈಯಗಲದ ಜೇಬು.
ಕೆಲವಕ್ಕೆ ಬಟ್ಟೆಗಿಂತ ಜೇಬೇ ದೊಡ್ಡದು.
ನಕ್ಕೆವು, ಹೊಟ್ಟೆ ಹಿಡಿದುಕೊಂಡು. ಸಫೈರ್ ನಗಲಿಲ್ಲ.
ಕಾರ್ಡಿನಲ್ಲಿ ಅವಳು ಬರ್ನಡೆಟ್ ಒಸ್ಟ್ರಾಂಡರ್.
'ಅವಳನ್ನು ಮನೇಲಿ ಬಿಟ್ಟು ಬರ್ತಿದ್ದೆ' ಅಂದಳು,
'ಮಗನ ಹತ್ತಿರ.'

ಟ್ಯೂಬ್‌ಲೈಟು ಹೊತ್ತಿದ ಮೇಲೆ
ಎಲ್ಲರ ವಯಸ್ಸೂ ಗೊತ್ತಾಯಿತು, ಕಾರ್ಪೆಟ್ಟಿನದೂ.
ಒಳ್ಳೆಯದೂ ಆಯಿತು ಅನ್ನಿ: ಕೈ ಹಾಕುವ ಚಾಳಿಯವರು
ಗಡಿ ದಾಟಿ ಮಿಶಿಗನ್ನಿಗೆ ಹೋದರು.
ಅಲ್ಲಿಯ ಹುಡುಗಿಯರ ಪಾಡು ನನಗೆ ತಿಳಿಯದು.

ಜಾನ್ ಮಾತ್ರ ಬಂದ, ಎಂದಿನಂತೆ ಏಳಕ್ಕೆ.
ಗಾಜಿನ ಕಾರ್ಖಾನೆಯ ಕುಲುಮೆ ನೋಡಿ ನೋಡಿ
ಕಣ್ಣಿಗೆ ಪೊರೆ ಬಂದ ಮುದುಕ.
ಸಂತನಲ್ಲ; ಹಿಂದೊಮ್ಮೆ ನಾನೇ ಗದರಿ ಕೈ ತೆಗೆಸಿದ್ದೆ.
ಈಚೆಗೆ ಬರುತ್ತಿದ್ದದ್ದು ಹೇಳುವುದಕ್ಕೆ:
ಸತ್ತ ಹೆಂಡತಿಯ ನಾಯಿ ಏನು ತಿಂದಿತು, ಏನು ಬಿಟ್ಟಿತು.
ಸಫೈರ್ ಮೊಣಕೈಯೂರಿ ಕೇಳುವಳು,
ಇಪ್ಪತ್ತು ಡಾಲರಿಟ್ಟು ಏಳುವನು.
ಈಗ ಪಟ್ಟಿಯಾಚೆಯಿಂದ, ಡ್ರಮ್ಮಿನ ಸದ್ದಿನ ಮೇಲೆ
ಕೂಗಬೇಕಾಯಿತು ಪಾಪ.
ಇಡೀ ಕ್ಲಬ್ಬಿಗೆ ತಿಳಿಯಿತು ನಾಯಿಗೆ ಭೇದಿಯೆಂದು.

ಮಾರ್ಚಿನಲ್ಲಿ ಪೊಲೀಸರು ಬಂದರು.
ಒಳಗೆ ಕಾಲಿಡಲಿಲ್ಲ, ಯಾರನ್ನೂ ಹಿಡಿಯಲಿಲ್ಲ.
ಟಾರ್ಚು ಬಿಟ್ಟು, ನಿಂತ ಕಾರುಗಳ ನಂಬರು
ಒಂದೊಂದಾಗಿ ಬರೆದುಕೊಂಡರು, ಅಷ್ಟೇ.
ಮರುವಾರ ಏಳಾಯಿತು, ಎಂಟಾಯಿತು.
ಸಫೈರ್ ಖಾಲಿ ಕುರ್ಚಿಗೆ ಕುಣಿದಳು,
ಪಟ್ಟಿ ಮೀರದೆ.
ಜೂನಿಗೆ ಬೀಗ.

ಬರ್ನಡೆಟ್ ಈಗ ಔಷಧದಂಗಡಿಯಲ್ಲಿ,
ಎದೆಗೆ ಹೆಸರು ಸಿಕ್ಕಿಸಿಕೊಂಡು. ಸಿಕ್ಕಿಸಲು ಅಂಗಿಯಿದೆ ಅಲ್ಲಿ,
ಸಂಬಳ ಅರ್ಧ.
ಮೊನ್ನೆ ಫೋನು ಮಾಡಿದ್ದಳು: ಮುದುಕ ಬಂದಿದ್ದ, ಕಣ್ಣಿನ ಹನಿಗೆ.
ಅಲ್ಲಿಯೂ ನಿಯಮವಿದೆ, ಹೆಸರು, ಹುಟ್ಟಿದ ತಾರೀಖು
ಬಾಯಿಬಿಟ್ಟು ಹೇಳಬೇಕು.
ಕಜ್ಮಿರ್ ವೊಜ್ನಿಯಾಕ್ ಅಂದನಂತೆ, ಮೆಲ್ಲಗೆ,
ಯಾರದೋ ಹೆಸರು ಹೇಳುವಂತೆ.
ಇವಳ ದನಿ ಗುರುತು ಹತ್ತಿತೋ ಇಲ್ಲವೋ.
ನಡುವೆ ಕೌಂಟರು, ಒಂದು ಮೊಳ ಅಗಲ.
ನಾಯಿ ಹೇಗಿದೆ ಅಂತ ಕೇಳಬೇಕೆಂದಿದ್ದಳು.
ಹಿಂದೆ ಸಾಲಿತ್ತು.

ಹನ್ನೊಂದರಲ್ಲಿ ಒಂದು ಜೇಬು ನನ್ನಲ್ಲೇ ಉಳಿದಿದೆ.
ಸೂಜಿ ಇಡುತ್ತೇನೆ ಅದರಲ್ಲಿ.