ಮೈಕಿನ ಎತ್ತರ

ಪುರಭವನ ಎಂದರೆ ಏನೆಂದು ನನ್ನನ್ನು ಕೇಳಬೇಡಿ.
ನಾನು ಮೈಕಿನ ಲಿಗೋರಿ. ಕೇಳಿಸುವುದು ನನ್ನ ಕೆಲಸ,
ಕೇಳುವುದಲ್ಲ.
ಇಪ್ಪತ್ತಾರು ವರ್ಷದಿಂದ ಜನರನ್ನು ನಾನು ಗುರುತಿಟ್ಟದ್ದು
ಮುಖದಿಂದಲ್ಲ, ಸ್ಟ್ಯಾಂಡಿನ ಎತ್ತರದಿಂದ:
ಭಾಷಣದವರಿಗೆ ಇಷ್ಟು, ಹಾಡುವ ಮಕ್ಕಳಿಗೆ ಕೈಮೈಕು,
ಕೊಂಕಣಿ ನಾಟಕಕ್ಕೆ ಮೇಲಿಂದ ಮೂರು ಇಳಿಬಿಡಬೇಕು,
ಸಂತಾಪ ಸಭೆಗೆ ತುಸು ತಗ್ಗು; ಅಳುವವರು ಕುಗ್ಗುತ್ತಾರೆ.

ಹಂಪನಕಟ್ಟೆಯ ಬಸ್ಸುಗಳ ಹಾರ್ನು ಒಳಗೆ ಬಾರದಂತೆ
ಬಾಗಿಲು ಎಳೆದುಕೊಳ್ಳುತ್ತೇವೆ. ಆದರೂ ಬರುತ್ತದೆ.

ಆ ಸಂಜೆ ಅಹವಾಲು ಸಭೆ.
ವೇದಿಕೆಗೆ ಒಂಬತ್ತು ಕುರ್ಚಿ, ಒಂಬತ್ತು ನೀರಿನ ಬಾಟಲಿ, ಒಂಬತ್ತು ಹೆಸರು.
ಕೆಳಗೆ ಹೆಸರಿಲ್ಲದ ಸಾಲುಗಳು.
ಎರಡನೇ ಸಾಲಿನಲ್ಲಿ ಬಾಡಿಗೆ ಕೇಸಿನ ಇಬ್ಬರೂ
ಪಕ್ಕಪಕ್ಕ ಕೂತುಬಿಟ್ಟಿದ್ದರು,
ಇಬ್ಬರ ಮೊಣಕೈಗೂ ಇದ್ದದ್ದು ಒಂದೇ ಕಟ್ಟಿಗೆ.

“ಬೆಂಗ್ರೆಯ ಅಪ್ಪಿ ಪುತ್ರನ್” ಎಂದು ಕರೆದರು.
ಬಂದಳು, ಖಾಲಿ ಬುಟ್ಟಿಯ ಸಮೇತ.
ಹೊರಗಿಟ್ಟು ಬಾರಮ್ಮ ಎಂದವನಿಗೆ
ಕಳೆದುಹೋದರೆ ನೀನು ಕೊಡುತ್ತೀಯಾ ಎಂದವಳು.
ಮೈಕು ಅವಳ ಹಣೆಯ ಎದುರಿಗೆ ನಿಂತಿತ್ತು.
ಓಡಿದೆ, ತಿರುಪು ಹಿಡಿದೆ. ಅರ್ಧ ಇಳಿಯಿತು. ನಿಂತಿತು.
ಅಲ್ಲಿಂದ ಕೆಳಗೆ ಬರೀ ತುಕ್ಕು.

ಉಪ್ಪುಗಾಳಿಯ ಊರು, ಸರಿ. ಆದರೆ ಬೆರಳಿಗೆ ತಿಳಿಯಿತು:
ಇಷ್ಟು ವರ್ಷ ಈ ಗೆರೆಯ ಕೆಳಗಿನವರು ಯಾರೂ
ಇಲ್ಲಿ ನಿಂತು ಮಾತಾಡಿಲ್ಲ.

ಯಾರೋ ನಕ್ಕರು. ಅಪ್ಪಿ ನನ್ನ ಕೈ ಸರಿಸಿ,
ಹುಟ್ಟು ಹಿಡಿದಂತೆ ಸ್ಟ್ಯಾಂಡು ಹಿಡಿದು
ಇಡೀ ಕಂಬವನ್ನೇ ತನ್ನ ಬಾಯಿಗೆ ಬಾಗಿಸಿಕೊಂಡಳು:
“ಕಡೆಯ ದೋಣಿ ಏಳೂವರೆಗೆ. ನಿಮ್ಮ ಸಭೆ ಶುರುವಾಗುವುದು ಏಳಕ್ಕೆ.
ನಮ್ಮ ಮಾತು ಬೇಕಾದರೆ ರಾತ್ರಿ ನಾವು ಮಲಗುವುದೆಲ್ಲಿ,
ಇಲ್ಲಿಯಾ?”

ಬರೆದುಕೊಳ್ಳುವವನು ಪೆನ್ನೆತ್ತಿ ಕೇಳಿದ,
ಇದನ್ನು ಯಾವ ಇಲಾಖೆಗೆ ಹಾಕಲಿ?
“ಓಡ ಪೋಪುಂಡು ಅಂತ ಬರಿ” ಎಂದು
ಬುಟ್ಟಿ ಸೊಂಟಕ್ಕೇರಿಸಿ ಹೊರಟೇಬಿಟ್ಟಳು.
ಒಂಬತ್ತೂ ಜನ ಗೋಡೆಯ ಗಡಿಯಾರ ನೋಡಿದರು.
ಅದು ನಿಂತು ಎರಡು ವರ್ಷ.

ದೋಣಿ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ.
ಮುಂದಿನ ನೋಟೀಸಿನಲ್ಲೂ ಹೊತ್ತು ಏಳೇ ಇತ್ತು.
ನಾನು ಮಾತ್ರ ಅಂದು ಬೀಗ ಹಾಕುವ ಮೊದಲು
ತೆಂಗಿನೆಣ್ಣೆ ಬಿಟ್ಟು, ಹರಕು ಬನಿಯನ್ನಿನಲ್ಲಿ ಉಜ್ಜಿ ಉಜ್ಜಿ
ತಿರುಪನ್ನು ತಳ ಮುಟ್ಟಿಸಿದೆ.

ಈಗ ಇಳಿಯುತ್ತದೆ.
ಇಳಿಯುವಾಗ ಕಿರ್ರ್ ಎನ್ನುತ್ತದೆ,
ಕಡೆಯ ಸಾಲಿನವರೆಗೂ ಕೇಳುತ್ತದೆ.