ಅಲೆ ಹಿಡಿಸದ ಹೆಸರು

ಹೀಯುಮಾ ದ್ವೀಪದ ಅಕ್ಟೋಬರ್. ಎಂಟಾದರೂ
ಬೆಳಕು ಇನ್ನೂ ಅನುಮಾನಿಸುತ್ತಿದೆ.
ಹಡಗಿನ ಅಟ್ಟದ ಮೇಲೆ ಮಲಗಿಸಿದ ತೇಲುಗಂಬ:
ಕಪ್ಪು ಮೈ, ನಡುವಿಗೆ ಕೆಂಪು ಪಟ್ಟೆ,
ನೆತ್ತಿಯಲ್ಲಿ ಒಂದರ ಮೇಲೊಂದು ಎರಡು ಕರಿಗುಂಡು.
ಚಿಪ್ಪು ಕೆರೆದು ಬಣ್ಣ ಬಳಿದು ಎರಡು ದಿನ,
ವಾಸನೆ ಹೋಗಿಲ್ಲ.
ಮಾರೆಟ್ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ,
ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು,
ತೊಡೆಯ ಮೇಲೆ ಲ್ಯಾಪ್‌ಟಾಪು,
ಅದರಿಂದೊಂದು ಕೇಬಲ್ಲು ಕಂಬದ ಎದೆಯೊಳಕ್ಕೆ.

ಮಾತು ಕಲಿಸುತ್ತಿದ್ದಾಳೆ.

ಮಾತೆಂದರೆ ಇಷ್ಟೇ:
ನಾನು ಇಂಥದ್ದು, ಇಲ್ಲಿದ್ದೇನೆ, ದೀಪ ಉರಿಯುತ್ತಿದೆ.
ಕಷ್ಟವಿರುವುದು ಮಾತಿನಲ್ಲಲ್ಲ, ಸರದಿಯಲ್ಲಿ.
ಒಂದೊಂದು ನಿಮಿಷವನ್ನೂ
ಎರಡು ಸಾವಿರದ ಇನ್ನೂರೈವತ್ತು ಚೂರು ಮಾಡಿ
ಹಡಗುಗಳೆಲ್ಲ ಹಂಚಿಕೊಂಡಿವೆ
ನಲ್ಲಿಯ ಮುಂದೆ ಕೊಡ ಇಟ್ಟ ಹಾಗೆ.
ಇನ್ನೊಬ್ಬರ ಚೂರಿಗೆ ಬಾಯಿ ಹಾಕಿದರೆ
ಇಬ್ಬರ ಮಾತೂ ನೀರುಪಾಲು.

ಮೊದಲ ಚಾನೆಲ್: ಗಂಟೆ ಸೊನ್ನೆ, ನಿಮಿಷ ಸೊನ್ನೆ,
ಚೂರು ಐನೂರ ಹನ್ನೆರಡು, ಆರು ನಿಮಿಷಕ್ಕೊಮ್ಮೆ.
ಎರಡನೆಯದಕ್ಕೆ ಅದೇ ಚೂರು, ಮೂರು ನಿಮಿಷ ತಡವಾಗಿ.
ಗಂಟೆಗೊಂದು ಸಲ, ದಡದವರಿಗೆ ಮಾತ್ರ,
ಬ್ಯಾಟರಿಯ ಕ್ಷೇಮಸಮಾಚಾರ.

ಹಗ್ಗ ಸುತ್ತುತ್ತಿದ್ದ ಕಾಲ್ಯೊ ಕೇಳಿದ:
ನಡುವೆ ಏನು ಮಾಡುತ್ತೆ ಇದು?
ನಿದ್ದೆ.
ಕಿವಿ?
ಅದೂ ಮುಚ್ಚಿರುತ್ತೆ. ಕೇಳಿಸಿಕೊಳ್ಳುತ್ತಾ ಕೂತರೆ
ಡಿಸೆಂಬರಿನ ಬಿಸಿಲು ಸಾಲದು.
ಮೂರು ನಿಮಿಷ, ಅಂದ ಕಾಲ್ಯೊ.
ಹತ್ತು ನಾಟಿನ ದೋಣಿಗೆ ಅರ್ಧ ಮೈಲಿ.
ಹಗ್ಗದ ಇನ್ನೆರಡು ಸುತ್ತು.
ನಮ್ಮಣ್ಣನಿಗೆ ಅಷ್ಟೂ ಬೇಕಾಗಿರಲಿಲ್ಲ.

ಮಾರೆಟ್ ತಲೆ ಎತ್ತಲಿಲ್ಲ. ಮುಂದಿನ ಖಾನೆಯಲ್ಲಿ
ಯಂತ್ರ ತನ್ನ ಪ್ರಶ್ನೆ ಇಟ್ಟಿತ್ತು:
ಸರಪಳಿ ಬಿಟ್ಟಷ್ಟು ಸುತ್ತಾಡಬಹುದು, ಸರಿ,
ಎಷ್ಟು ದೂರವಾದರೆ ದಾರಿ ತಪ್ಪಿದ ಹಾಗೆ?
ಅರವತ್ತು ಮೀಟರ್, ಎಂದು ಒತ್ತಿದಳು.
ಹೋದ ಮಾರ್ಚಿನಲ್ಲಿ ಹಿಮದ ಹಲಗೆ ಕಿತ್ತುಕೊಂಡು ಹೋದಾಗ
ಹಳೆಯ ಕಂಬ ಹನ್ನೊಂದು ದಿನ
ಸ್ವೀಡನ್ನಿನ ದಿಕ್ಕಿಗೆ ತೇಲುತ್ತಾ
ಒಂದು ಸರದಿಯನ್ನೂ ತಪ್ಪಿಸದೆ ಹೇಳುತ್ತಲೇ ಇತ್ತು:
ನಾನು ನನ್ನ ಜಾಗದಲ್ಲಿಲ್ಲ,
ನಾನು ನನ್ನ ಜಾಗದಲ್ಲಿಲ್ಲ.
ಅವಳ ಗಂಡನಿಗೆ ಅಷ್ಟು ಹೇಳಲು
ನಾಲ್ಕು ವರ್ಷ ಹಿಡಿದಿತ್ತು.

ಕೊನೆಗೆ ಹೆಸರು.
ನೀರೊಳಗಿನ ದಿಬ್ಬಕ್ಕೆ ಇವರು ರಹು ಎನ್ನುತ್ತಾರೆ,
ಶಾಂತಿಗೂ ಅದೇ ಪದ. ನಮ್ಮ ಕಿವಿಗೆ
ನುಂಗುವವನ ಹೆಸರು. ಅದೂ ಸುಳ್ಳಲ್ಲ:
ಇಗರ್ಜಿಗೆ ಹೊರಟ ಮದುವೆ ದೋಣಿ
ಇಲ್ಲೇ ನಿಂತಿತಂತೆ, ನಿಂತೇ ಇದೆಯಂತೆ.
ಮೊರ್ಸ್ಯರಹು, ಮದುಮಗಳ ದಿಬ್ಬ.
ಆ ಮೊದಲ ಸ್ವರ ಒ ಅಲ್ಲ, ಉ ಕೂಡ ಅಲ್ಲ,
ತುಟಿ ದುಂಡಗಾಗದೆ ಗಂಟಲಲ್ಲೇ ಮಗ್ಗುಲು ಬದಲಿಸುವಂಥದು.
ಬರೆಯುವಾಗ ಸೊನ್ನೆಯ ಹಾಗೊಂದು ಅಕ್ಷರ,
ಅದರ ತಲೆಯ ಮೇಲೆ ಪುಟ್ಟದೊಂದು ಅಲೆ.

ಯಂತ್ರ ಒಪ್ಪಲಿಲ್ಲ.
ಇಪ್ಪತ್ತು ಅಕ್ಷರ ಹಿಡಿಸುತ್ತದೆ, ಅಲೆ ಹಿಡಿಸುವುದಿಲ್ಲ,
ಸಮುದ್ರಕ್ಕೆಂದೇ ಮಾಡಿದ ಪೆಟ್ಟಿಗೆ!
ಮಾರೆಟ್ ಎರಡು ಸಲ ಒತ್ತಿ ನೋಡಿ,
ಮೂರನೆಯ ಸಲ ಅಲೆ ತೆಗೆದು, ಉಳಿಸಿದಳು.

ಕ್ರೇನು ಎತ್ತಿತು. ಕಂಬ ನೀರಿಗಿಳಿದು
ಒಮ್ಮೆ ಪೂರಾ ಮುಳುಗಿ, ಎದ್ದು, ತೂಗಾಡಿ,
ನೆಟ್ಟಗಾಗುವಷ್ಟು ನೆಟ್ಟಗಾಯಿತು.
ಚುಕ್ಕಾಣಿಯ ಕೋಣೆಯಲ್ಲಿ ಇಬ್ಬರೂ ಪರದೆ ನೋಡುತ್ತಾ ನಿಂತರು.
ಕಾಫಿಯ ಮೇಲೆ ಕೆನೆ ಕಟ್ಟಿತು.
ಮೂರು ನಿಮಿಷ ಇಷ್ಟು ಉದ್ದವೇ.

ಬಂತು:
ನೀಲಿ ನೀರಿನ ಮೇಲೆ ಒಂದು ವಜ್ರಾಕೃತಿ,
ಪಕ್ಕದಲ್ಲಿ ಅಲೆಯಿಲ್ಲದ ಹೆಸರು.

ಕಾಲ್ಯೊ ಕನ್ನಡಕ ಏರಿಸಿ, ಬಗ್ಗಿ,
ಜೋರಾಗಿ ಓದಿದ.
ಓದುವಾಗ ಅಲೆ ಇತ್ತು.